ಅಜ್ಜಿಗೂ ಒಂದು ರಜೆ

ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ದುಡಿದ ನನಗೆ ರಜೆಯ ವಿಷಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಿ.ಎಲ್. ಎಷ್ಟು ಉಳಿದಿದೆ, ಇ.ಎಲ್. ಎಷ್ಟು ಜಮೆಯಾಗಿದೆ, ಯಾವ ಹಬ್ಬಕ್ಕೆ ಯಾವುದನ್ನು ಜೋಡಿಸಿದರೆ ಭಾನುವಾರವೂ ಸೇರಿ ನಾಲ್ಕು ದಿನವಾಗುತ್ತದೆ ಎಂಬ ಲೆಕ್ಕವೆಲ್ಲ ಬಾಯಿಪಾಠ. ಆ ರಜೆಗಳೆಲ್ಲ ಎಲ್ಲಿ ಹೋದವು ಎಂದು ಈಗ ಕೂತು ಎಣಿಸಿದರೆ ಅದೂ ಗೊತ್ತಾಗುತ್ತದೆ. ನನ್ನ ಹೆರಿಗೆಗೆ, ಅತ್ತೆಯ ಕಣ್ಣಿನ ಪೊರೆಗೆ, ನಾದಿನಿಯ ಮದುವೆಗೆ, ಮಗಳ ಎಸ್ಸೆಸ್ಸೆಲ್ಸಿಗೆ, ಮತ್ತೆ ಪ್ರತಿವರ್ಷ ತಪ್ಪದೆ ಅಡಿಕೆ ಕೊಯ್ಲಿಗೆ. ರಜೆ ಹಾಕುವುದೆಂದರೆ ಕಚೇರಿಯ ಕೆಲಸದಿಂದ ಮನೆಯ ಕೆಲಸಕ್ಕೆ ವರ್ಗವಾಗುವುದು ಎಂದೇ ನಾನು ತಿಳಿದಿದ್ದೆ. ನನ್ನ ಜೊತೆಗಿದ್ದ ಹೆಂಗಸರೆಲ್ಲರೂ ಹಾಗೇ ತಿಳಿದಿದ್ದರು.

ಮಗಳು ಇಟಲಿಯ ಮಿಲಾನಿನಲ್ಲಿದ್ದಾಳೆ. 2019ರಲ್ಲಿ ಅವಳ ಬಾಣಂತನಕ್ಕೆಂದು ಮೂರು ತಿಂಗಳು ಹೋಗಿದ್ದೆ. ಊರಿಗೆ ಬಂದ ಮೇಲೆ ಎಲ್ಲರೂ "ಇಟಲಿ ಹೇಗಿದೆ?" ಎಂದು ಕೇಳುವವರೇ. ನಾನು ನೋಡಿದ ಇಟಲಿಯಲ್ಲಿ ಒಂದು ಗ್ಯಾಸ್ ಒಲೆ, ಬಟ್ಟೆ ಒಗೆಯುವ ಒಂದು ಯಂತ್ರ, ಮೂರನೇ ಮಹಡಿಯ ಒಂದು ಕಿಟಕಿ ಇದ್ದವು. ಕಿಟಕಿಯಾಚೆ ಟ್ರಾಮು ಓಡುತ್ತಿತ್ತು. ಒಂದು ಭಾನುವಾರ ಅಳಿಯ ದೊಡ್ಡ ಚರ್ಚು ತೋರಿಸಿಕೊಂಡು ಬಂದರು. ಅಲ್ಲಿಯೂ ನನ್ನ ಗಮನವೆಲ್ಲ ಮಗುವಿನ ಹಾಲಿನ ಹೊತ್ತಿನ ಮೇಲೇ ಇತ್ತು. ಇದನ್ನು ದೂರಾಗಿ ಹೇಳುತ್ತಿಲ್ಲ. ಬಾಣಂತನಕ್ಕೆ ಹೋದವಳು ಬಾಣಂತನ ಮಾಡಿ ಬಂದೆ, ಅಷ್ಟೆ.

2023ರ ಬೇಸಿಗೆಯಲ್ಲಿ ಮಗಳು ಫೋನು ಮಾಡಿ, "ಅಮ್ಮ, ಈ ಸಲ ನಿನಗೆ ಏನೂ ಕೆಲಸವಿಲ್ಲ. ಸಮುದ್ರದ ಹತ್ತಿರ ಎಂಟು ದಿನ ಮನೆ ಹಿಡಿದಿದ್ದೇವೆ. ಬರೀ ರಜೆಗೆ ಬಾ" ಎಂದಳು. ನನಗೆ ಹಿಗ್ಗಾಯಿತು. ಸ್ವಲ್ಪ ತಡೆದು ಇನ್ನೊಂದು ಮಾತು ಬಂತು. ಸೆಪ್ಟೆಂಬರಿನಿಂದ ಅವಳು ಪೂರ್ಣಾವಧಿಯ ಕೆಲಸಕ್ಕೆ ಮರಳಬೇಕು. ಪುಟ್ಟನ ಶಿಶುವಿಹಾರ ನಾಲ್ಕು ಗಂಟೆಗೆ ಮುಗಿಯುತ್ತದೆ. ವೀಸಾದ ನಿಯಮದಂತೆ ಯಾವುದೇ ನೂರ ಎಂಬತ್ತು ದಿನಗಳಲ್ಲಿ ತೊಂಬತ್ತು ದಿನ ಅಲ್ಲಿರಬಹುದು. "ವರ್ಷಕ್ಕೆ ಎರಡು ಸಲ, ಮೂರು ಮೂರು ತಿಂಗಳು ನೀನು ಬಂದರೆ..." ಎಂದು ಅರ್ಧಕ್ಕೆ ನಿಲ್ಲಿಸಿ, "ಈಗ ಬೇಡ, ಅಲ್ಲಿ ನಿಧಾನವಾಗಿ ಕೂತು ಮಾತಾಡೋಣ" ಎಂದಳು.

ಆ ಅರ್ಧ ಮಾತನ್ನು ಚೀಲದಲ್ಲಿ ಚಟ್ನಿಪುಡಿ, ಮೆಣಸಿನ ಪುಡಿಯ ಜೊತೆಗೆ ಕಟ್ಟಿಕೊಂಡು ಹೊರಟೆ. "ಹೋಗಿ ಬಾ, ನಾನು ಹೇಗೋ ಮಾಡಿಕೊಳ್ಳುತ್ತೇನೆ" ಎಂದರು ನಮ್ಮ ಮನೆಯವರು. ಗಂಡಸರ ಬಾಯಲ್ಲಿ ಈ "ಹೇಗೋ" ಎಂಬುದಕ್ಕೆ ಎಷ್ಟು ಕಿಲೋ ತೂಕವಿರುತ್ತದೆಂದು ಗೃಹಿಣಿಯರಿಗೆ ಬಿಡಿಸಿ ಹೇಳಬೇಕೆ? ಅದಕ್ಕಿಂತಲೂ ನನ್ನನ್ನು ಹಿಡಿದಿದ್ದು ವೀಣೆ. ನಿವೃತ್ತಿಯಾದ ಮರುತಿಂಗಳೇ, ಅರವತ್ತರ ವಯಸ್ಸಿನಲ್ಲಿ, ಸಾಗರದಲ್ಲೇ ಒಬ್ಬರ ಹತ್ತಿರ ಪಾಠಕ್ಕೆ ಸೇರಿಕೊಂಡಿದ್ದೆ. ಜತೆಗೆ ಕಲಿಯುವವರೆಲ್ಲ ಲಂಗ ತೊಟ್ಟ ಮಕ್ಕಳು. ಎರಡು ವರ್ಷಕ್ಕೆ ವರ್ಣಕ್ಕೆ ಬಂದಿದ್ದೆ. ಮೂರು ತಿಂಗಳು ಬಿಟ್ಟರೆ ಈ ವಯಸ್ಸಿನ ಬೆರಳು ಹಿಂದಿನ ಜಾಗಕ್ಕೆ ಬರುವುದಿಲ್ಲ. ಇದನ್ನು ಮಗಳಿಗೆ ಒಂದು ಕಾರಣವೆಂದು ಹೇಳಲು ನಾಲಿಗೆ ಏಳುತ್ತಿರಲಿಲ್ಲ. ಮೊಮ್ಮಗನ ಎದುರಿಗೆ ವೀಣೆಯನ್ನಿಟ್ಟು ತೂಗುವುದುಂಟೆ?

ಮಿಲಾನಿನಿಂದ ಸಲೆರ್ನೊ ಊರಿಗೆ ವೇಗದ ರೈಲಿನಲ್ಲಿ ಸುಮಾರು ಆರು ಗಂಟೆಯ ದಾರಿ. ಅಲ್ಲಿಂದ ಅಮಲ್ಫಿ ತೀರ ಶುರು. ನಮ್ಮ ಮನೆಯಿದ್ದದ್ದು ಮಿನೋರಿ ಎಂಬ ಚಿಕ್ಕ ಊರಿನಲ್ಲಿ. ಬಸ್ಸೂ ಇದೆ, ದೋಣಿಯೂ ಇದೆ. ಬಸ್ಸಿನ ದಾರಿ ಬಂಡೆಯನ್ನು ಕೊರೆದು ಮಾಡಿದ್ದು. ತಿರುವಿಗೊಂದು ಹಾರನ್ನು, ಎದುರಿಗೆ ಇನ್ನೊಂದು ಬಸ್ಸು ಬಂದರೆ ಎರಡರ ನಡುವೆ ಒಂದು ಅಂಗೈಯಷ್ಟು ಜಾಗ. ಆಗುಂಬೆ ಘಾಟಿಯಲ್ಲಿ ಕಣ್ಣು ಮುಚ್ಚಿ ಕೂರುವವರು ಇಲ್ಲಿ ದೋಣಿಯಲ್ಲೇ ಹೋಗುವುದು ಒಳ್ಳೆಯದು. ಹತ್ತೊಂಬತ್ತನೇ ಶತಮಾನದಲ್ಲಿ ಈ ರಸ್ತೆಯಾಗುವವರೆಗೆ ಊರಿಂದೂರಿಗೆ ಹೋಗಬೇಕಾದರೆ ಒಂದೋ ದೋಣಿ, ಇಲ್ಲವೆ ಹೇಸರಗತ್ತೆಯ ಕಾಲುದಾರಿ.

ದೋಣಿಯಿಂದ ನೋಡಿದಾಗ ಬೆಟ್ಟ ನೇರವಾಗಿ ಸಮುದ್ರಕ್ಕೆ ಇಳಿದುಬಿಟ್ಟಿದೆ. ಊರು ಕಟ್ಟಲು ಸಮತಟ್ಟು ನೆಲವೇ ಇಲ್ಲ. ಮನೆಗಳು ಒಂದರ ಹೆಗಲ ಮೇಲೆ ಇನ್ನೊಂದು ಹತ್ತಿ ಕೂತಂತಿವೆ. ಮನೆಗಳ ಮೇಲುಗಡೆ ಮೆಟ್ಟಿಲು ಮೆಟ್ಟಿಲಾಗಿ ಹಸಿರು. ಅವೆಲ್ಲ ನಿಂಬೆಯ ತೋಟಗಳು. 1997ರಲ್ಲಿ ಯುನೆಸ್ಕೊ ಈ ತೀರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಂದ ಮುಂದೆ ಜನವೋ ಜನ. ಪೊಸಿತಾನೊ ಎಂಬ ಊರನ್ನು ನಾವು ದೋಣಿಯಿಂದಲೇ ನೋಡಿದೆವು. ಇಳಿಯುವ ಸಾಲು ನೋಡಿಯೇ ಅಳಿಯ ಬೇಡವೆಂದರು. ಚಿತ್ರದಲ್ಲಿರುವಂತೆಯೇ ಇತ್ತು, ಅದರಾಚೆ ನನಗೆ ಹೇಳಲು ಏನೂ ಇಲ್ಲ.

ನಮ್ಮದು ಊರಿನ ಮೇಲುಗಡೆ ಒಂದು ನಿಂಬೆ ತೋಟದ ಮನೆ. ರಸ್ತೆಯಿಂದ ನೂರಾ ನಲವತ್ತು ಮೆಟ್ಟಿಲು. ಮೊದಲ ದಿನವೇ ಎಣಿಸಿದ್ದೆ, ನನ್ನ ಮೊಣಕಾಲು ಎಣಿಸಿತು ಎನ್ನುವುದೇ ಸರಿ. ಮನೆಯೊಡತಿ ನನಗಿಂತ ಒಂದೆರಡು ವರ್ಷ ದೊಡ್ಡವರು. ಗಟ್ಟಿ ಮೈಕಟ್ಟು, ಹೂವಿನ ಚಿತ್ತಾರದ ಅಂಗಿ, ಮೇಲೊಂದು ಏಪ್ರನ್. ಅವರ ಮಾತು ನನಗೆ ಬರದು, ನನ್ನದು ಅವರಿಗೆ ಬರದು. ಆದರೆ ನಾನು ಮೆಟ್ಟಿಲು ಹತ್ತಿ ಮೊಣಕಾಲು ಹಿಡಿದು ನಿಂತಾಗ ಅವರೂ ತಮ್ಮ ಮೊಣಕಾಲನ್ನು ತಟ್ಟಿ ತೋರಿಸಿದರು. ಅಲ್ಲಿಂದ ಪರಿಚಯ ಬೆಳೆಯಿತು. ಅವರು ನನ್ನನ್ನು "ಸಿಞೋರಾ" ಎಂದರು. ನಾನು ಅವರನ್ನು "ಅಕ್ಕಾ" ಎಂದೆ. ಕರೆದರೆ ತಿರುಗುತ್ತಿದ್ದರು.

ಇಟಲಿಯವರ ಸಮುದ್ರಸ್ನಾನ ನಮ್ಮ ಮಡಿಗಿಂತ ಕಡಿಮೆಯದಲ್ಲ. ಮಿನೋರಿಯ ದಂಡೆ ಪುಟ್ಟದು, ಕಪ್ಪು ಮರಳು, ನಡುವೆ ಬೆಣಚುಕಲ್ಲು. ದಂಡೆಯ ಬಹುಪಾಲನ್ನು ಗುತ್ತಿಗೆ ಹಿಡಿದವರು ಒಂದೇ ಬಣ್ಣದ ಛತ್ರಿಗಳನ್ನು ಸಾಲಾಗಿ ನೆಟ್ಟಿರುತ್ತಾರೆ. ಒಂದು ಛತ್ರಿ, ಎರಡು ಮಲಗುವ ಕುರ್ಚಿಗೆ ದಿನದ ಬಾಡಿಗೆ ಇಪ್ಪತ್ತೈದು ಯೂರೊ ಕೊಟ್ಟೆವು. ರೂಪಾಯಿಗೆ ತಿರುಗಿಸಿ ನೋಡಿ ನಾನು ಆ ಕುರ್ಚಿಯಿಂದ ಏಳಲೇ ಇಲ್ಲ. ಮೊದಲ ಸಾಲಿನ ಛತ್ರಿಗಳು ಊರವರಿಗೆ ಇಡೀ ಬೇಸಿಗೆಗೆ ಕಾಯಂ. ಇಂಥವರ ಛತ್ರಿ ಇಂಥದ್ದೇ ಎಂದು ವರ್ಷವರ್ಷ ನಡೆದುಬರುತ್ತದೆಯಂತೆ, ಊಟದ ಪಂಕ್ತಿಯಲ್ಲಿ ಹಿರಿಯರ ಜಾಗದ ಹಾಗೆ.

ಬೆಳಿಗ್ಗೆ ಒಂಬತ್ತಕ್ಕೆ ಅಜ್ಜಿಯರ ದಂಡು ಬರುತ್ತದೆ. ಕೈಯಲ್ಲಿ ಮೊಮ್ಮಗು, ಹೆಗಲಲ್ಲಿ ಚೀಲ, ಚೀಲದಲ್ಲಿ ಹಣ್ಣು, ಟವೆಲು, ಬದಲಿ ಬಟ್ಟೆ. ಅಲ್ಲಿ ಶಾಲೆಗೆ ಜೂನ್ ಮೊದಲ ಭಾಗದಿಂದ ಸೆಪ್ಟೆಂಬರಿನವರೆಗೆ ಮೂರು ತಿಂಗಳ ರಜೆ. ತಂದೆತಾಯಿಗೆ ಅಷ್ಟು ರಜೆ ಎಲ್ಲಿಂದ ಬರಬೇಕು? ಆಗಸ್ಟ್ 15ರ ಸುತ್ತ ಎರಡು ವಾರ ಸಿಕ್ಕರೆ ಹೆಚ್ಚು. ಹಾಗಾಗಿ ಮಕ್ಕಳನ್ನು ಅಜ್ಜಿಯ ಊರಿಗೆ ತಂದುಬಿಡುತ್ತಾರೆ. ಆ ಅಜ್ಜಿಯರ ಶಾಸ್ತ್ರಗಳನ್ನು ಕೇಳಬೇಕು! ಊಟವಾದ ಮೇಲೆ ಎರಡು ಮೂರು ಗಂಟೆ ನೀರಿಗಿಳಿಯುವಂತಿಲ್ಲ, ಹೊಟ್ಟೆ ಹಿಡಿದುಕೊಳ್ಳುತ್ತದೆ. ನೀರಿಂದ ಬಂದ ಕೂಡಲೇ ಒದ್ದೆ ಚಡ್ಡಿ ಬದಲಿಸಬೇಕು. ಬೆವರಿದ ಮೈಗೆ ಗಾಳಿ ತಗಲಿದರೆ ಕತ್ತು ಹಿಡಿಯುತ್ತದೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ದಂಡೆಯ ತುಂಬ "ಈಗ ಹೋಗಲಾ? ಈಗ ಹೋಗಲಾ?" ಎಂಬ ಮಕ್ಕಳ ರಾಗ. ಅಜ್ಜಿಯರು ಇಸ್ಪೀಟಿನಿಂದ ತಲೆಯೆತ್ತದೆ "ಇಲ್ಲ" ಎನ್ನುತ್ತಿದ್ದರು. ನಮ್ಮ ಪುಟ್ಟನೂ ಆ ರಾಗಕ್ಕೆ ಸೇರಿಕೊಂಡ. "ವೈದ್ಯರು ಇದನ್ನೆಲ್ಲ ಒಪ್ಪುವುದಿಲ್ಲ ಅಮ್ಮ" ಎಂದಳು ಮಗಳು. ನನಗಂತೂ ಆ ಅಜ್ಜಿಯರ ಮಾತು ಬಹಳ ಹಿಡಿಸಿತು.

ಇನ್ನು ಸ್ನಾನದ ಉಡುಪು. ಎಪ್ಪತ್ತು ಎಂಬತ್ತರ ಹೆಂಗಸರು, ಆಪರೇಷನ್ನಿನ ಗಾಯದ ಗುರುತು, ಜೋತ ಹೊಟ್ಟೆ, ನರ ಉಬ್ಬಿದ ಕಾಲು, ಯಾವುದನ್ನೂ ಮುಚ್ಚದೆ ತುಂಡು ಬಟ್ಟೆಯಲ್ಲಿ ಓಡಾಡುತ್ತಿದ್ದರು. ಮೊದಲ ದಿನ ಕಣ್ಣನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಎರಡನೆಯ ದಿನ ಒಂದು ವಿಷಯ ಗಮನಕ್ಕೆ ಬಂತು. ಅವರನ್ನು ಯಾರೂ ನೋಡುತ್ತಿರಲಿಲ್ಲ. ಸೀರೆಯುಟ್ಟು ಛತ್ರಿಯ ಕೆಳಗೆ ಕೂತ ನನ್ನನ್ನೇ ಎಲ್ಲರೂ ನೋಡುತ್ತಿದ್ದರು.

ಮಗಳು ನನಗೆಂದು ತೋಳು, ಕಾಲು ಮುಚ್ಚುವ ಒಂದು ಈಜುಡುಗೆಯನ್ನು ಮೊದಲೇ ತಂದಿಟ್ಟಿದ್ದಳು. ಮೂರನೆಯ ದಿನ ಬೆಳಿಗ್ಗೆ, ಜನ ಸೇರುವ ಮೊದಲು, ತೊಟ್ಟುಕೊಂಡೆ. ಗೋಕರ್ಣಕ್ಕೆ, ಉಡುಪಿಗೆ ಹೋದಾಗಲೆಲ್ಲ ಸಮುದ್ರವನ್ನು ಕಂಡಿದ್ದೇನೆ. ಸೀರೆಯ ನೆರಿಗೆ ಎತ್ತಿ ಹಿಡಿದು, ಪಾದ ತೋಯಿಸಿ, ತಲೆಗೆ ಮೂರು ಹನಿ ಪ್ರೋಕ್ಷಣೆ ಮಾಡಿಕೊಂಡರೆ ಮುಗಿಯಿತು. ಅಲ್ಲಿಯ ಅಲೆಯ ಅಬ್ಬರಕ್ಕೆ ಅಷ್ಟೇ ಧೈರ್ಯ. ಈ ತಿರ್ರೇನಿಯನ್ ಸಮುದ್ರ ಆ ಜೂನ್ ಬೆಳಿಗ್ಗೆ ಕೆರೆಯ ಹಾಗೆ ಸುಮ್ಮನಿತ್ತು. ಸೊಂಟದವರೆಗೆ ಹೋಗಿ ನಿಂತೆ. ಮನೆಯೊಡತಿ ಅಕ್ಕ ತಮ್ಮ ಇಬ್ಬರು ಮೊಮ್ಮಕ್ಕಳ ಜೊತೆ ಅಲ್ಲೇ ಇದ್ದರು. ಹತ್ತಿರ ಬಂದವರು ಏನೂ ಕೇಳದೆ ನನ್ನ ಬೆನ್ನ ಕೆಳಗೆ ಒಂದು ಅಂಗೈ ಇಟ್ಟು, ಇನ್ನೊಂದು ಕೈಯಿಂದ ಗಲ್ಲವನ್ನು ಮೇಲಕ್ಕೆತ್ತಿ, "ಪಿಯಾನೊ, ಪಿಯಾನೊ" ಎಂದರು. ನಿಧಾನ, ನಿಧಾನ ಎಂದರ್ಥ. ಕಾಲು ನೆಲ ಬಿಟ್ಟಿತು. ಉಪ್ಪುನೀರು ಮೈಯನ್ನು ಎತ್ತಿ ಹಿಡಿಯಿತು. ಕಿವಿ ನೀರೊಳಗಿದ್ದುದರಿಂದ ದಂಡೆಯ ಸದ್ದೆಲ್ಲ ನಿಂತುಹೋಯಿತು. ಮೇಲೆ ಆಕಾಶ, ಒಂದು ಬದಿಗೆ ನಿಂಬೆತೋಟದ ಹಸಿರು. ಅಂಗೈಯನ್ನು ಅವರು ಯಾವಾಗ ತೆಗೆದರೋ ತಿಳಿಯಲಿಲ್ಲ. ಅರವತ್ತೆರಡು ವರ್ಷದಲ್ಲಿ ನನ್ನ ಮೊಣಕಾಲು, ಸೊಂಟ, ಹೆಗಲು ಯಾವುದೂ ಏನನ್ನೂ ಹೊರದೆ ಇದ್ದ ಮೂರು ನಿಮಿಷ ಅದು. ಆಮೇಲೆ ದಿನಾ ಬೆಳಿಗ್ಗೆ ತೇಲಿದೆ. ಈಜು ಕಲಿಯಲಿಲ್ಲ. ಕಲಿಯುವ ಆಸೆಯೂ ಇರಲಿಲ್ಲ.

ಮಿನೋರಿಯಿಂದ ಪಕ್ಕದ ಮಯೋರಿ ಎಂಬ ಊರಿಗೆ ತೋಟಗಳ ನಡುವೆ ಒಂದು ಹಳೆಯ ಕಾಲುದಾರಿಯಿದೆ. ನಿಂಬೆಯ ದಾರಿ ಎಂದೇ ಅದಕ್ಕೆ ಹೆಸರು. ನೂರಾರು ಮೆಟ್ಟಿಲು ಹತ್ತಿ ತೊರ್ರೆ ಎಂಬ ಹಳ್ಳಿ ದಾಟಿ ಆಚೆಗೆ ಇಳಿಯಬೇಕು. ಗಟ್ಟಿ ಕಾಲಿನವರಿಗೆ ಒಂದು ಗಂಟೆ, ನನಗೆ ಎರಡೂವರೆ. ಈ ಎಂಟು ದಿನಗಳಲ್ಲಿ ನನ್ನ ಮನಸ್ಸು ಹೆಚ್ಚು ನಿಂತದ್ದು ಅಲ್ಲೇ.

ಇಲ್ಲಿಯ ನಿಂಬೆಗೆ ಸ್ಫುಸಾತೊ ಎಂದು ಹೆಸರು. ನಮ್ಮ ಗಜನಿಂಬೆಯ ಗಾತ್ರ, ಕದಿರಿನ ಹಾಗೆ ಎರಡೂ ತುದಿ ಚೂಪು, ದಪ್ಪ ಸಿಪ್ಪೆ, ತಿಳಿ ಹಳದಿ. ಹುಳಿ ಕಡಿಮೆ, ಪರಿಮಳ ಜಾಸ್ತಿ. ಸಿಪ್ಪೆಯ ಒಳಗಿನ ಬಿಳಿ ಭಾಗವೂ ಕಹಿಯಿಲ್ಲ. ಹೋಳು ಮಾಡಿ ಸಕ್ಕರೆಯನ್ನೋ ಉಪ್ಪನ್ನೋ ಹಚ್ಚಿ ಹಾಗೇ ತಿನ್ನುತ್ತಾರೆ. 2001ರಲ್ಲಿ ಈ ತೀರದ ನಿಂಬೆಗೆ ಯುರೋಪಿನ ಭೌಗೋಳಿಕ ಗುರುತು ಸಿಕ್ಕಿದೆ. ಗಿಡವನ್ನು ಹಾಗೇ ಬೆಳೆಯಲು ಬಿಡುವುದಿಲ್ಲ. ಬೆಟ್ಟದ ಕಾಡಿನಿಂದ ಚೆಸ್ಟ್‌ನಟ್ ಮರದ ಗಳ ತಂದು ಚಪ್ಪರ ಹಾಕಿ, ಕೊಂಬೆಗಳನ್ನು ಅದಕ್ಕೆ ಹಬ್ಬಿಸುತ್ತಾರೆ. ಚಳಿಗಾಲದಲ್ಲಿ ಆಲಿಕಲ್ಲು, ಗಾಳಿ ತಡೆಯಲು ಚಪ್ಪರದ ಮೇಲೆ ಬಲೆ ಹಾಸುತ್ತಾರೆ. ಒಂದೊಂದು ಮೆಟ್ಟಿಲಿನ ತೋಟಕ್ಕೂ ಗಾರೆಯಿಲ್ಲದೆ ಬರೀ ಕಲ್ಲು ಜೋಡಿಸಿದ ಗೋಡೆ. ಈ ಒಣಕಲ್ಲಿನ ಗೋಡೆ ಕಟ್ಟುವ ವಿದ್ಯೆಗೂ ಯುನೆಸ್ಕೊ 2018ರಲ್ಲಿ ಮನ್ನಣೆ ಕೊಟ್ಟಿತು.

ಮಣ್ಣಿನ ರಸ್ತೆಯೂ ಹೋಗದ ಈ ಕಡಿದಾದ ಜಾಗದಿಂದ ನಿಂಬೆ ಕೆಳಗೆ ಹೇಗೆ ಬರುತ್ತಿತ್ತು? ಹೆಂಗಸರ ಬೆನ್ನ ಮೇಲೆ. ಚೆಸ್ಟ್‌ನಟ್ ಸಿಗಿನಿಂದ ಹೆಣೆದ ದೊಡ್ಡ ಬುಟ್ಟಿಯಲ್ಲಿ ಐವತ್ತು ಕಿಲೋಗೂ ಮೀರಿ ನಿಂಬೆ ತುಂಬಿ, ಹೆಗಲಿನ ಮೇಲೆ ಬಟ್ಟೆಯ ಸಿಂಬೆ ಇಟ್ಟುಕೊಂಡು, ಈ ಮೆಟ್ಟಿಲುಗಳಲ್ಲಿ ದಿನಕ್ಕೆ ಹಲವು ಸಲ ಇಳಿಯುತ್ತಿದ್ದರಂತೆ. ಸಾಲು ಹಿಡಿದು ಹೋಗುವ ಆ ಹೆಂಗಸರಿಗೆ ಊರವರು ಇಟ್ಟ ಹೆಸರು ಫೋರ್ಮಿಕೆಲ್ಲೆ, ಅಂದರೆ ಪುಟ್ಟ ಇರುವೆಗಳು. ದಂಡೆಯಲ್ಲಿ ಹಡಗು ಕಾದಿರುತ್ತಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿಯ ನಿಂಬೆ ಅಮೆರಿಕದವರೆಗೆ ಹೋಗುತ್ತಿತ್ತು. ಇರುವೆ ಎಂಬ ಹೆಸರಿನಲ್ಲಿ ಮುದ್ದೂ ಇದೆ ಎನ್ನಿ. ಆದರೆ ಐವತ್ತು ಕಿಲೋ ಹೊತ್ತವಳಿಗೆ ಆ ಮುದ್ದಿನಿಂದ ಆದದ್ದೇನು? ಮನೆಯೊಡತಿ ಅಕ್ಕನ ತಾಯಿಯೂ ಒಬ್ಬ ಇರುವೆಯಾಗಿದ್ದವರು. ಅಕ್ಕ ನಡುವೆ ಒಂದು ಕಡೆ ನಿಂತು, ಗೋಡೆಯಿಂದ ಹೊರಚಾಚಿದ ಒಂದು ಅಗಲ ಕಲ್ಲನ್ನು ತೋರಿಸಿದರು. ಬುಟ್ಟಿ ಇಳಿಸದೆ, ಅದರ ಭಾರವನ್ನು ಮಾತ್ರ ಆ ಕಲ್ಲಿಗೆ ಒರಗಿಸಿ, ನಿಂತಲ್ಲೇ ಉಸಿರು ತೆಗೆದುಕೊಳ್ಳುವ ಜಾಗವಂತೆ ಅದು. ಕಲ್ಲಿನ ಅಂಚು ನುಣ್ಣಗೆ ಸವೆದಿತ್ತು. ಕೈಯಿಟ್ಟು ನೋಡಿದೆ.

ಈಗ ಕೆಲವು ತೋಟಗಳಲ್ಲಿ ಒಂಟಿ ಹಳಿಯ ಮೇಲೆ ಓಡುವ ಸಣ್ಣ ಯಂತ್ರಗಳಿವೆ, ಕೆಲವು ಕಡೆ ಹೇಸರಗತ್ತೆ. ಮಕ್ಕಳು ಹೋಟೆಲು, ಊರಾಚೆಯ ಕೆಲಸ ಹಿಡಿದಿದ್ದರಿಂದ ಎಷ್ಟೋ ತೋಟಗಳು ಪಾಳು ಬಿದ್ದಿವೆ. ನೋಡುವವರಿಲ್ಲದೆ ಗೋಡೆ ಕುಸಿದರೆ ಮಳೆಗೆ ಮಣ್ಣು ಇಳಿಯುತ್ತದೆ. 1954ರ ಅಕ್ಟೋಬರ್ 25ರ ರಾತ್ರಿ ಸುರಿದ ಮಳೆಗೆ ಸಲೆರ್ನೊ, ವಿಯೆತ್ರಿ, ಮಯೋರಿ ಕಡೆ ಬೆಟ್ಟವೇ ಕೆಸರಾಗಿ ಇಳಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ರಾತ್ರಿಯ ಮಾತು ಬಂದರೆ ಅಲ್ಲಿಯ ಹಿರಿಯರು ಈಗಲೂ ದನಿ ತಗ್ಗಿಸುತ್ತಾರೆ.

ಅಕ್ಕ ಕೊಟ್ಟ ಆರು ನಿಂಬೆಯಲ್ಲಿ ಎರಡನ್ನು ಹೆಚ್ಚಿ ನಮ್ಮ ಮೆಣಸಿನ ಪುಡಿ, ಉಪ್ಪು ಬೆರೆಸಿ ದಿಢೀರ್ ಉಪ್ಪಿನಕಾಯಿ ಮಾಡಿಕೊಟ್ಟೆ. ಒಂದು ಹೋಳು ಬಾಯಿಗಿಟ್ಟು ಅವರು ಕಣ್ಣಲ್ಲಿ ನೀರು ತಂದುಕೊಂಡರು. ಆದರೂ ಇನ್ನೊಂದು ಹೋಳು ತೆಗೆದುಕೊಂಡರು. ಮರ್ಯಾದೆಗೋ ರುಚಿಗೋ ತಿಳಿಯಲಿಲ್ಲ.

ಅಮಲ್ಫಿ ಊರಿಗೆ ಒಂದು ದಿನ ಹೋದೆವು. ಒಂದು ಕಾಲದಲ್ಲಿ ಸಮುದ್ರ ವ್ಯಾಪಾರದಿಂದ ಸ್ವತಂತ್ರ ರಾಜ್ಯವಾಗಿ ಮೆರೆದ ಊರು. ದೊಡ್ಡ ಚರ್ಚಿಗೆ ಅರವತ್ತೆರಡು ಮೆಟ್ಟಿಲು. "ನಿನ್ನ ವಯಸ್ಸಿಗೊಂದು ಅಮ್ಮ" ಎಂದು ಮಗಳು ನಕ್ಕಳು. ಚರ್ಚಿಗಿಂತ ನನಗೆ ಹಿಡಿಸಿದ್ದು ಕಣಿವೆಯೊಳಗಿನ ಹಳೆಯ ಕಾಗದದ ಮಿಲ್ಲು, ಈಗ ಅದು ವಸ್ತುಸಂಗ್ರಹಾಲಯ. ಇಲ್ಲಿ ಕಾಗದ ಮಾಡುತ್ತಿದ್ದದ್ದು ಮರದಿಂದಲ್ಲ, ಹಳೆಯ ಹತ್ತಿ ಮತ್ತು ನಾರಿನ ಬಟ್ಟೆಯಿಂದ. ಹರಿವ ನೀರಿನಿಂದ ಮೇಲೆ ಕೆಳಗೆ ಬಡಿಯುವ ಮರದ ದೊಡ್ಡ ಸುತ್ತಿಗೆಗಳು ಚಿಂದಿಯನ್ನು ಹಿಟ್ಟಿನಂತೆ ಅರೆಯುತ್ತವೆ. ಆ ಹಿಟ್ಟನ್ನು ತಂತಿಯ ಜರಡಿಯಲ್ಲಿ ಎತ್ತಿ, ಉಣ್ಣೆಯ ಬಟ್ಟೆಗಳ ನಡುವೆ ಒತ್ತಿ, ಒಣಗಿಸಿದರೆ ಕಾಗದ. ನನಗೂ ಒಂದು ಹಾಳೆ ಎತ್ತಲು ಬಿಟ್ಟರು. ಒಂದು ಕಡೆ ದಪ್ಪ, ಒಂದು ಕಡೆ ತೆಳು, ಮೊದಲ ದೋಸೆಯ ಹಾಗೆ ಬಂತು. ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಾಗದದ ನಡುವೆಯೇ ಕಳೆದವಳು ಮೊದಲ ಬಾರಿಗೆ ಕಾಗದ ಮಾಡಿದೆ. ರಾವೆಲ್ಲೊ ಬೆಟ್ಟದ ಮೇಲಿನ ಅರಮನೆಯ ತೋಟವನ್ನೂ ಅದೇ ಸಂಜೆ ನೋಡಿದೆವು. ಹೂವು ಚೆನ್ನಾಗಿತ್ತು, ಕಾಲು ಸೋತಿತ್ತು.

ಆರನೆಯ ದಿನ ಸಲೆರ್ನೊದಿಂದ ದಕ್ಷಿಣಕ್ಕೆ ರೈಲಿನಲ್ಲಿ ಪೇಸ್ತುಮ್‌ಗೆ ಹೊರಟೆವು. ಬೆಟ್ಟ ಮುಗಿದು ಇದ್ದಕ್ಕಿದ್ದಂತೆ ಬಯಲು. ಸಮುದ್ರದಿಂದ ಸ್ವಲ್ಪವೇ ಒಳಗೆ, ಹುಲ್ಲಿನ ನಡುವೆ ಗ್ರೀಕರ ಮೂರು ದೇವಾಲಯಗಳು ನಿಂತಿವೆ. ಗ್ರೀಕ್ ವಲಸಿಗರು ಕ್ರಿ.ಪೂ. 600ರ ಸುಮಾರಿಗೆ ಇಲ್ಲಿ ಊರು ಕಟ್ಟಿದರು. ದೇವಾಲಯಗಳು ಕ್ರಿ.ಪೂ. 550ರಿಂದ 450ರ ನಡುವಿನವು. ಸೂರು ಹೋಗಿದೆ, ಕಂಬಗಳು ಉಳಿದಿವೆ. ಎರಡು ದೇವಾಲಯ ಹೆರಾ ಎಂಬ ದೇವಿಯವು, ಇನ್ನೊಂದು ಅಥೆನಾಳದ್ದು ಎನ್ನುತ್ತಾರೆ. ಹೆರಾ ಎಂದರೆ ಮದುವೆಗೂ ಹೆಂಗಸರಿಗೂ ಆಸರೆಯಾದ ದೇವಿ. ದೇವರಿಲ್ಲದ ಗುಡಿಯಾದರೂ ನಾನು ಹೊರಗೇ ಚಪ್ಪಲಿ ಬಿಟ್ಟೆ. ಪುಟ್ಟನೂ ಬಿಟ್ಟ.

ಅಲ್ಲಿಯ ಸಂಗ್ರಹಾಲಯದಲ್ಲಿ 1968ರಲ್ಲಿ ಅಗೆದಾಗ ಸಿಕ್ಕ ಒಂದು ಸಮಾಧಿಯ ಕಲ್ಲುಚಪ್ಪಡಿಗಳಿವೆ. ಮುಚ್ಚಳದ ಚಪ್ಪಡಿಯ ಒಳಬದಿಯಲ್ಲಿ ಒಂದು ಚಿತ್ರ. ಎತ್ತರದಿಂದ ಒಬ್ಬ ತರುಣ ನೀರಿಗೆ ಹಾರಿದ್ದಾನೆ. ಇನ್ನೂ ನೀರು ತಲುಪಿಲ್ಲ, ಗಾಳಿಯಲ್ಲಿದ್ದಾನೆ. ಸುಮಾರು ಎರಡೂವರೆ ಸಾವಿರ ವರ್ಷದಿಂದ ಹಾಗೇ ಇದ್ದಾನೆ. ಸತ್ತವನ ಮುಖದ ಮೇಲುಗಡೆ, ಅವನಿಗೆ ಮಾತ್ರ ಕಾಣುವ ಹಾಗೆ ಬರೆದ ಚಿತ್ರವಂತೆ. ಬದುಕಿನಿಂದ ಸಾವಿಗೆ ಹಾರುವುದು ಎಂದು ಪಂಡಿತರಲ್ಲಿ ಹಲವರು ಅರ್ಥ ಮಾಡುತ್ತಾರೆ. ಇರಬಹುದು. ದಿನಾ ಬೆಳಿಗ್ಗೆ ನೀರಿಗಿಳಿಯುತ್ತಿದ್ದ ನನಗೆ ಅವನು ಸುಖವಾಗಿ ಸ್ನಾನಕ್ಕೆ ಹೊರಟವನ ಹಾಗೆಯೇ ಕಂಡ.

ಬಯಲಿನ ತುಂಬ ಎಮ್ಮೆಗಳು. ಇಟಲಿಯೆಂದರೆ ಎಮ್ಮೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಒಂದು ಡೈರಿಯಲ್ಲಿ ಒಳಗೆ ಹೋಗಿ ನೋಡಲು ಬಿಡುತ್ತಾರೆ. ಅದೇ ಕಪ್ಪು, ಅದೇ ಬಾಗಿದ ಕೊಂಬು, ಅದೇ "ನನಗೇನು" ಎಂಬ ನೋಟ. ಮೈ ತುರಿಸಿಕೊಳ್ಳಲು ತಿರುಗುವ ಕುಂಚ, ಹಾಲು ಕರೆಯಲು ಯಂತ್ರ. ತಾವೇ ಸಾಲಾಗಿ ಹೋಗಿ ನಿಲ್ಲುತ್ತವೆ. ಕೊಟ್ಟಿಗೆಯಲ್ಲಿ ನನ್ನ ಹರೆಯವನ್ನೆಲ್ಲ ಕಳೆದ ನಾನು ಒಂದರ ಹಣೆ ತುರಿಸಿದೆ. ಅದು ಕತ್ತು ಚಾಚಿತು, ಅಷ್ಟು ಸಾಕಾಯಿತು. ಈ ಹಾಲಿನಿಂದಲೇ ಮೊಝರೆಲ್ಲಾ ಎಂಬ ಗಿಣ್ಣು ಮಾಡುತ್ತಾರೆ. ಹೆಪ್ಪುಗಟ್ಟಿದ ಹಾಲನ್ನು ಕುದಿನೀರಲ್ಲಿ ನಾದಿ, ಹಗ್ಗದಂತೆ ಎಳೆದು, ಹೆಬ್ಬೆರಳು ತೋರುಬೆರಳಿನ ನಡುವೆ ಚಿವುಟಿ ಉಂಡೆ ಕಡಿಯುತ್ತಾರೆ. ಚಿವುಟುವುದಕ್ಕೇ ಅವರ ಭಾಷೆಯಲ್ಲಿ ಮೊಝ್ಝಾರೆ. ಸಸ್ಯಾಹಾರಿ ಸೋದರಿಯರಿಗೆ ಒಂದು ಮಾತು: ಹೆಸರಾಂತ ಈ ಗಿಣ್ಣಿಗೆ ಹಾಕುವ ಹೆಪ್ಪು ಕರುವಿನ ಜಠರದಿಂದ ತೆಗೆದದ್ದು, ನಿಯಮವೇ ಹಾಗಿದೆ. ಕೇಳಿದ ಮೇಲೆ ನನಗೆ ಇಳಿಯಲಿಲ್ಲ. ಎಮ್ಮೆಹಾಲಿನ ಮೊಸರು ಮಾರುತ್ತಿದ್ದರು, ಅದನ್ನು ಎರಡು ಬಟ್ಟಲು ತಿಂದೆ.

ಆ ರಾತ್ರಿ ಅಕ್ಕ ಅಡುಗೆ ತೋರಿಸುತ್ತೇನೆಂದು ಕೆಳಗೆ ಕರೆದರು. ಬದನೆಕಾಯಿಗೆ ಚಾಕೊಲೇಟು! ಬದನೆ ಹೋಳನ್ನು ಎಣ್ಣೆಯಲ್ಲಿ ಕರಿದು, ಕರಗಿಸಿದ ಚಾಕೊಲೇಟಿನಲ್ಲಿ ಅದ್ದಿ, ಬಾದಾಮಿ ಚೂರು, ಸಕ್ಕರೆಯಲ್ಲಿ ಹಾಕಿದ ಹಣ್ಣಿನ ಸಿಪ್ಪೆ ಉದುರಿಸಿ ಪದರ ಪದರವಾಗಿ ಇಡುವುದು. ಆಗಸ್ಟ್ ಹಬ್ಬದ ಸಿಹಿ, ನಮಗಾಗಿ ಮುಂಚೆಯೇ ಮಾಡಿದ್ದರು. ಎಣ್ಣೆಗಾಯಿಗೆ ಒಗ್ಗಿದ ನಾಲಿಗೆ ಮೊದಲು ಗಾಬರಿಯಾದರೂ ಎರಡನೇ ತುತ್ತಿಗೆ ಒಪ್ಪಿಕೊಂಡಿತು.

ತಿನ್ನುತ್ತಾ ಸುಮ್ಮನೆ, ಮಾತಿಗೆಂದು, ಮಗಳ ಮೂಲಕ ಕೇಳಿಸಿದೆ: "ನಿಮಗೆ ರಜೆ ಯಾವಾಗ ಅಕ್ಕ?"

ಅವರು ನಕ್ಕು, ಬೆರಳು ಮಡಿಚಿ ಹೇಳತೊಡಗಿದರು. ಮಗಳು ಒಂದೊಂದನ್ನೇ ಕನ್ನಡಕ್ಕೆ ತಿರುಗಿಸಿದಳು. ಏಪ್ರಿಲಿನಿಂದ ಅಕ್ಟೋಬರಿನವರೆಗೆ ಅತಿಥಿಗಳು, ಹಾಸಿಗೆ, ಹೊದಿಕೆ, ಬೆಳಗಿನ ತಿಂಡಿ. ಫೆಬ್ರವರಿಯಿಂದಲೇ ನಿಂಬೆ ಕೊಯ್ಲು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಗಳ ಇಬ್ಬರು ಮಕ್ಕಳು. ಚಳಿಗಾಲದಲ್ಲಿ ಬಲೆ ಹೊದಿಸುವುದು, ಗೋಡೆ ರಿಪೇರಿ. "ಹಾಗಾದರೆ ನವೆಂಬರ್" ಎಂದು ಒಂದೇ ಬೆರಳು ಉಳಿಸಿದರು. ಆಮೇಲೆ ಇನ್ನೇನೋ ಹೇಳಿದರು. ಮಗಳು ತಕ್ಷಣ ಕನ್ನಡಕ್ಕೆ ತರಲಿಲ್ಲ.

"ಏನಂತೆ?" ಎಂದೆ.

"ಅವರ ಮಗಳು ಉತ್ತರದಲ್ಲೆಲ್ಲೋ ಇದ್ದಾಳಂತೆ. ಅಮ್ಮ ಸಮುದ್ರದ ದಂಡೆಯಲ್ಲಿ ಇರುವುದರಿಂದ ಅವಳಿಗೆ ವರ್ಷವಿಡೀ ರಜೆಯೇ ಅಂದುಕೊಂಡಿದ್ದಾಳಂತೆ" ಎಂದು ತಟ್ಟೆ ನೋಡುತ್ತಾ ಹೇಳಿದಳು.

ಅಕ್ಕನಿಗೆ ನಮ್ಮ ನಡುವಿನ ಮಾತೇನೂ ತಿಳಿದಿರಲಿಲ್ಲ. ಇನ್ನೊಂದು ಚೂರು ಬದನೆ ಬಡಿಸಿದರು.

ಮೇಲೆ ಬಂದು, ಪುಟ್ಟ ಮಲಗಿದ ಮೇಲೆ, ನಾನೇ ಮಾತು ತೆಗೆದೆ. "ಕೂಸೇ, ಬೇಸಿಗೆಯಲ್ಲಿ ಶಿಶುವಿಹಾರ ಮುಚ್ಚಿದಾಗ ಆರು ವಾರ ಬರುತ್ತೇನೆ, ಪ್ರತಿವರ್ಷ, ಮೈಯಲ್ಲಿ ಶಕ್ತಿಯಿರುವವರೆಗೆ. ಆರು ತಿಂಗಳು ಆಗುವುದಿಲ್ಲ. ಡಿಸೆಂಬರಿನಲ್ಲಿ ನಾನು ವರ್ಣ ನುಡಿಸಬೇಕು" ಎಂದೆ. ಅಪ್ಪನ ಊಟ, ನನ್ನ ಬಿ.ಪಿ., ಅಲ್ಲಿಯ ಚಳಿ, ಹೀಗೆ ಹೇಳಬಹುದಾದ ಕಾರಣಗಳು ಸಾಲುಗಟ್ಟಿ ನಿಂತಿದ್ದವು. ಅವನ್ನು ಹೇಳಿದ್ದರೆ ಅವಳಿಗೆ ಒಪ್ಪಿಕೊಳ್ಳುವುದು ಸುಲಭವಾಗುತ್ತಿತ್ತೇನೋ.

"ವೀಣೆಗಾ ಅಮ್ಮ?" ಎಂದಳು.

"ಹೌದು."

ಅವಳು ಏನೂ ಹೇಳಲಿಲ್ಲ. ಮರುದಿನವೂ ಹೆಚ್ಚು ಮಾತಾಡಲಿಲ್ಲ. ತಾಯಿ ಮಗಳ ನಡುವೆ ಅಂಥ ಮೌನ ಬಂದಾಗ ಮನೆಯ ಪಾತ್ರೆಗಳೇ ಸ್ವಲ್ಪ ಜೋರಾಗಿ ಮಾತಾಡುತ್ತವೆ. ಅವಳದು ತಪ್ಪೆಂದು ನಾನು ಹೇಳಲಾರೆ. ಪರದೇಶದಲ್ಲಿ ಅವಳಿಗಿರುವ ಓಟ ನನ್ನ ಓಟಕ್ಕಿಂತ ಕಡಿದು. ನನ್ನ ಮಗುವನ್ನು ನಮ್ಮತ್ತೆ ನೋಡಿಕೊಂಡಿದ್ದರಿಂದಲೇ ನಾನು ಅಂಚೆ ಕಚೇರಿಗೆ ಹೋಗಲು ಸಾಧ್ಯವಾಯಿತು, ಅದೂ ನೆನಪಿದೆ. ನಮ್ಮತ್ತೆಗೆ ಏನು ಆಸೆಯಿತ್ತೆಂದು ನಾವು ಯಾರೂ ಕೇಳಿರಲಿಲ್ಲ. ಅಳಿಯ ಮಾತ್ರ ಮೊಬೈಲಿನಲ್ಲಿ ಏನೋ ಲೆಕ್ಕ ಹಾಕುತ್ತಾ, ವಾರಕ್ಕೆರಡು ದಿನ ತಾನು ಮನೆಯಿಂದಲೇ ಕೆಲಸ ಮಾಡುವಂತೆ ಕೇಳಿ ನೋಡಬಹುದು ಎಂದರು. ಇದನ್ನು ಮೊದಲೇ ಯಾಕೆ ಕೇಳಲಿಲ್ಲ ಎಂದು ಮಗಳು ಅವರ ಮೇಲೆ ಹರಿಹಾಯ್ದಳು. ನಾನು ಛತ್ರಿಯ ಕೆಳಗೆ ಮುಖ ತಿರುಗಿಸಿ ಕೂತೆ. ಕೋಪ ನನ್ನಿಂದ ಆ ಕಡೆ ತಿರುಗಿದ್ದು ಸಮಾಧಾನವೇ ಆಯಿತು, ನಿಜ ಹೇಳಬೇಕೆಂದರೆ.

ಹೊರಡುವ ಬೆಳಿಗ್ಗೆ ಕಡೆಯ ಬಾರಿ ತೇಲುತ್ತಿದ್ದಾಗ ಪಕ್ಕದಲ್ಲಿ ಯಾರೋ ಬಂದಂತಾಯಿತು. ಮಗಳು. ಅವಳೂ ಅಂಗಾತ ಮಲಗಿದಳು. ಕಿವಿಗಳು ನೀರಲ್ಲಿದ್ದುದರಿಂದ ಇಬ್ಬರಿಗೂ ಮಾತಾಡುವ ಹಂಗಿರಲಿಲ್ಲ.

ಸೆಪ್ಟೆಂಬರಿನಿಂದ ಪುಟ್ಟನನ್ನು ವಾರಕ್ಕೆ ಮೂರು ದಿನ ಸಂಜೆ ನೋಡಿಕೊಳ್ಳಲು ಕಾಲೇಜು ಓದುವ ಹುಡುಗಿಯೊಬ್ಬಳು ಬರುತ್ತಾಳೆ, ಎರಡು ದಿನ ಅಳಿಯ. ಖರ್ಚಾಗುತ್ತದೆ ಎಂದು ಮಗಳು ಫೋನಿನಲ್ಲಿ ಗೊಣಗುವುದುಂಟು. ಡಿಸೆಂಬರಿನಲ್ಲಿ ವರ್ಣ ನುಡಿಸಿದೆ, ಎರಡು ಕಡೆ ತಾಳ ತಪ್ಪಿತು. ಅದರ ಹಿಂದಿನ ತಿಂಗಳು ಮಿನೋರಿಯ ಅಕ್ಕ ಮಗಳ ಮೊಬೈಲಿಗೆ ಒಂದು ಚಿತ್ರ ಕಳಿಸಿದ್ದರು. ಅವರ ರಜೆಯ ನವೆಂಬರ್ ಅದು. ಆಸ್ಪತ್ರೆಯ ಹಾಸಿಗೆ, ಬಿಳಿ ಪಟ್ಟಿ ಸುತ್ತಿದ ಬಲಗಾಲು. ಅತಿಥಿಗಳಿಲ್ಲ, ಮೊಮ್ಮಕ್ಕಳಿಲ್ಲ, ನಿಂಬೆಯ ಕೊಯ್ಲಿಗೆ ಇನ್ನೂ ಸಮಯವಿದೆ ಎಂದು ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡಿದ್ದರಂತೆ. ನಮ್ಮ ಊರಿನ ಡಾಕ್ಟರು ನನಗೆ ಹೇಳಿಕೊಟ್ಟ ವ್ಯಾಯಾಮಗಳನ್ನು ಮನೆಯವರ ಕೈಯಲ್ಲಿ ವಿಡಿಯೊ ಮಾಡಿಸಿ ಕಳಿಸಿದೆ. ಕುರ್ಚಿಯಲ್ಲಿ ಕೂತು ಕಾಲು ನೀಡುವುದು, ಹತ್ತು ಎಣಿಸುವುದು, ಇಳಿಸುವುದು. ಪ್ರತಿಯೊಂದಕ್ಕೂ ನಾನೇ ಕೂಗಿ ಹೇಳಿದ್ದೇನೆ, ನನಗೆ ಬರುವ ಅಷ್ಟು ಇಟಾಲಿಯನ್ನಿನಲ್ಲಿ, "ಪಿಯಾನೊ, ಪಿಯಾನೊ" ಎಂದು.